ಟಿಕ್ ಟಿಕ್ ವ್ಯಾನಿಗೆ ಮೂವರು ವೈದ್ಯರು

ಇಪ್ಪತ್ತಮೂರು ವರ್ಷದ ಹಳೆಯ ವ್ಯಾನಿನ ಇಂಜಿನ್ ಟಿಕ್ ಟಿಕ್ ಎನ್ನುತ್ತಿದೆಯೆಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಮ್ಯಾನೇಜರು ಡ್ರೈವರನಿಗೆ ನೋಟಿಸು ಕೊಟ್ಟರು. ಸಂಜೆ ನಾಲ್ಕರೊಳಗೆ ಸದ್ದು ಅಡಗದಿದ್ದರೆ ನಾಳೆಯಿಂದ ಅವನು ಸ್ಟಿಯರಿಂಗ್ ಬಿಟ್ಟು ರದ್ದಿ ಶೆಡ್ಡಿನಲ್ಲಿ ಮೂಟೆ ಹೊರಬೇಕು. ಆಯಿಲ್ ಬದಲಿಸಿ ಎಂದು ಅವನು ಬರೆದುಕೊಟ್ಟಿದ್ದ ಏಳು ಅರ್ಜಿಗಳು ಮ್ಯಾನೇಜರ ಮೇಜಿನ ಕುಂಟುಗಾಲಿನ ಕೆಳಗೆ ಮಡಚಿ ಕೂತಿದ್ದವು.

ಹನ್ನೊಂದು ವರ್ಷದಿಂದ ವ್ಯಾನು ಓಡಿಸುವ ಅವನನ್ನು ಎಲ್ಲರೂ ವ್ಯಾನಣ್ಣ ಎನ್ನುತ್ತಿದ್ದರು. ಅವನದು ಮೂಟೆ ಹೊರುವ ಬೆನ್ನಲ್ಲ. ಬೆಳಗ್ಗೆ ಚಪ್ಪಲಿ ಹುಡುಕಲು ಬಗ್ಗಿದರೇ ಇಂಜಿನ್ನಿಗಿಂತ ಜೋರಾಗಿ ಲಟಕ್ಕೆನ್ನುತ್ತಿತ್ತು.

ಅಂಗಳದಲ್ಲಿ ಇಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿ ತಲೆ ಒಳಗಿಟ್ಟದ್ದೇ ತಡ, ಅಂಟು ಹಚ್ಚುವ ಶೆಡ್ಡಿನಿಂದ ಅವನ ಬಾಮೈದ ಓಡಿಬಂದ.

"ಭಾವ, ಇದು ಇಂಜಿನ್ನೇ ಅಲ್ಲ. ನಿಮ್ಮ ಸೀಟಿನ ಸ್ಪ್ರಿಂಗು!"

"ನಾನು ಕೆಳಗಿದೀನಿ ಕಣೋ. ಸೀಟ್ ಮೇಲೆ ಯಾರೂ ಇಲ್ಲ."

"ಅದಕ್ಕೇ ಭಾವ! ಹನ್ನೊಂದು ವರ್ಷ ಒತ್ತಿಸ್ಕೊಂಡಿದ್ದು ಈಗ ಮೇಲೇಳೋಕೆ ನೋಡ್ತಿದೆ."

ವ್ಯಾನಣ್ಣ ಬಾಯಿ ತೆರೆಯುವಷ್ಟರಲ್ಲಿ ಸೀಟು ಕಳಚಿ ಬಾಮೈದನ ಹೆಗಲೇರಿ ಶೆಡ್ಡು ಸೇರಿತ್ತು. ಇಂಜಿನ್ ಮಾತ್ರ ಟಿಕ್ ಟಿಕ್.

ಅಷ್ಟರಲ್ಲಿ ಸ್ಟೋರ್‌ಕೀಪರು ಕನ್ನಡಕ ಏರಿಸಿಕೊಂಡು ಬಂದು ಟೈರಿಗೆ ಕಿವಿ ಹಚ್ಚಿದರು. "ಚಕ್ರಕ್ಕೆ ಕಲ್ಲು ಸಿಕ್ಕಿದೆ ವ್ಯಾನಣ್ಣ."

"ಗಾಡಿ ನಿಂತಿದೆಯಲ್ಲ ಸ್ವಾಮಿ!"

"ನಿಂತಿರೋದ್ರಿಂದ್ಲೇ ಕಲ್ಲಿಗೆ ಧೈರ್ಯ ಬಂದಿರೋದು."

ಒಂದು ಗಂಟೆ ಕಾಲ ಚಕ್ರ ಬಿಚ್ಚಿ, ಕೆರೆದು, ಮತ್ತೆ ಹಾಕಿದರು. ಕೈಯಲ್ಲಿ ಒಂದು ನಟ್ಟು ಉಳಿಯಿತು. "ಕಂಪನಿಯವರು ಧಾರಾಳಿಗಳು, ಒಂದು ಹೆಚ್ಚಾಗೇ ಕೊಟ್ಟಿದಾರೆ" ಎಂದು ಅದನ್ನು ಜೇಬಿಗಿಳಿಸಿ ಹೊರಟರು.

ಕಟಿಂಗ್ ಶೆಡ್ಡಿನ ಅಕ್ಕ ಸುಮ್ಮನಿದ್ದಾಳೆಯೇ? "ತಿರುವಿನಲ್ಲಿ ದೀಪ ಮಿಣುಕುವಾಗ ಟಿಕ್ ಟಿಕ್ ಅನ್ನುತ್ತಲ್ಲ, ಅದೇ ಇದು" ಎಂದು ಡ್ಯಾಶ್‌ಬೋರ್ಡಿನಡಿ ಕೈ ತೂರಿಸಿ ಒಂದು ವೈರು ಎಳೆದಳು. ಆ ಕ್ಷಣದಿಂದ ವೈಪರುಗಳು ಒಣ ಗಾಜಿನ ಮೇಲೆ 'ಊಹೂಂ, ಊಹೂಂ' ಎಂದು ತಲೆಯಾಡಿಸತೊಡಗಿದವು. ನಿಲ್ಲಿಸಲು ಯಾರಿಂದಲೂ ಆಗಲಿಲ್ಲ.

"ಸಾಕು! ನಾನು ಗ್ಯಾರೇಜಿಗೆ ಹೋಗ್ತೀನಿ" ಎಂದ ವ್ಯಾನಣ್ಣ.

"ಗ್ಯಾರೇಜಾ? ಅಯ್ಯೋ ಬೇಡ ಭಾವ!" ಬಾಮೈದ ಬಾನೆಟ್ಟಿಗೆ ಅಡ್ಡಬಿದ್ದ. ಅವನನ್ನು ಬಿಡಿಸಿಕೊಂಡು, ಸೀಟಿನ ಜಾಗದಲ್ಲಿ ಬಕೆಟ್ ಬೋರಲು ಹಾಕಿ ಕೂತು, ವ್ಯಾನಣ್ಣ ಹೊರಟೇಬಿಟ್ಟ.

ಗ್ಯಾರೇಜಿನಕ್ಕ ಬಕೆಟ್ಟು ನೋಡಿದಳು, ವೈಪರು ನೋಡಿದಳು, ಚಕ್ರ ನೋಡಿದಳು.

"ಅಪಘಾತವಾ?"

"ಇಲ್ಲಕ್ಕ. ಸಹೋದ್ಯೋಗಿಗಳು."

ಅವಳು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೆ ಆನಿಸಿದಳು. "ವಾಲ್ವ್ ಒತ್ತೋ ಟ್ಯಾಪೆಟ್ ಸಡಿಲ. ಆಯಿಲ್ಲೋ, ಡಾಂಬರಾಗಿದೆ. ಇಷ್ಟು ದಿನ ನೀರು ಕೇಳ್ತಾ ಬಾಗ್ಲು ತಟ್ತಿದೆ ಪಾಪ, ಯಾರೂ ತೆಗೆದಿಲ್ಲ." ಇಂಜಿನ್ ತಣ್ಣಗಾಗುವವರೆಗೆ ವೈಪರಿನ ವೈರು, ಚಕ್ರದ ನಟ್ಟು ಸರಿಮಾಡಿ, ಆಮೇಲೆ ಟ್ಯಾಪೆಟ್ ಬಿಗಿದು, ಹೊಸ ಆಯಿಲ್ ಹೊಯ್ದಳು. ಕೀಲಿ ತಿರುಗಿಸಿದರೆ ಸದ್ದೇ ಇಲ್ಲ. ಇಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ವ್ಯಾನಣ್ಣ ಮುಟ್ಟಿ ನೋಡಬೇಕಾಯಿತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವನು ಗೆದ್ದವನಂತೆ ಆಫೀಸಿನ ಮುಂದೆ ವ್ಯಾನು ನಿಲ್ಲಿಸಿದ. ಮ್ಯಾನೇಜರು ಎಂದಿನಂತೆ ಶೆಡ್ಡುಗಳ ತಪಾಸಣೆಗೆ ವ್ಯಾನು ಹತ್ತಿದರು. ಐವತ್ತು ಹೆಜ್ಜೆ ನಡೆದರೆ ಹುದ್ದೆ ಸವೆಯುತ್ತದೆಂದು ಅವರ ನಂಬಿಕೆ.

ವ್ಯಾನು ಹಾಲಿನ ಪಾತ್ರೆಯತ್ತ ಹೊರಟ ಬೆಕ್ಕಿನಂತೆ ಸರಿಯಿತು. ಸ್ಟೋರಿನ ಬಾಗಿಲಲ್ಲಿ ಸ್ಟೋರ್‌ಕೀಪರು ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿ ಗಡ್ಡ ಹೆರೆಯುತ್ತಿದ್ದರು. ಕಟಿಂಗ್ ಶೆಡ್ಡಿನಲ್ಲಿ ಅಕ್ಕ ಯಂತ್ರದ ಮೇಲೆ ಮಗಳ ಲಂಗ ಹರಡಿ ಹೊಲಿಯುತ್ತಿದ್ದಳು. ಅಂಟಿನ ಶೆಡ್ಡಿನಲ್ಲಿ, ವ್ಯಾನಿನದೇ ಸೀಟಿನ ಮೇಲೆ, ಬಾಮೈದ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಮ್ಯಾನೇಜರು ಮೂವರ ಹೆಸರನ್ನೂ ಪುಸ್ತಕದಲ್ಲಿ ಗೀಚಿಕೊಂಡರು. ಎಚ್ಚೆತ್ತ ಬಾಮೈದ ಕಿಟಕಿಗೆ ಬಂದು ಪಿಸುಗುಟ್ಟಿದ:

"ಏನು ಮಾಡಿಬಿಟ್ರಿ ಭಾವ! ಹತ್ತು ಗಂಟೆ ನಿಂತು ದುಡಿಯೋ ನಮ್ಗೆ ಒಂದು ಸ್ಟೂಲೂ ಇಲ್ಲ. ಸಾಹೇಬ್ರು ಬರ್ತಿದಾರೆ ಅಂತ ನಿಮ್ಮ ಟಿಕ್ ಟಿಕ್ ದೂರದಿಂದ ಸಾರೋವರೆಗೆ ಬೆನ್ನು ನೆಟ್ಟಗೆ ಮಾಡ್ಕೊಳ್ತಿದ್ವಿ. ಅದು ಹೋಗ್ಬಾರದು ಅಂತ್ಲೇ ಅಲ್ವಾ ಬೆಳಗ್ಗಿಂದ ಮೂರೂ ಜನ ಗಾಡಿ ಬಿಚ್ಚಿ ಬಿಚ್ಚಿ ಸತ್ತಿದ್ದು!"

ಮ್ಯಾನೇಜರು ನೋಟಿಸನ್ನು ಹರಿದು ಚೂರು ಮಾಡಿದರು. ಮುಖ ಅರಳಿತ್ತು.

"ಭೇಷ್ ಕಣಯ್ಯ! ಸೀಟು ನಿಂದೇ. ನಾಳೆಯಿಂದ ದಿನಕ್ಕೆ ನಾಲ್ಕು ಸಲ ಹೀಗೇ ಸದ್ದಿಲ್ದೆ ಬರೋಣ. ಈಗ ಹಿಂದಿನ ಪ್ಯಾಕಿಂಗ್ ಶೆಡ್ಡಿಗೆ ಹೊಡಿ. ಅಲ್ಲಿ ಇಪ್ಪತ್ತು ಜನ ಇದಾರೆ. ಮೆಲ್ಲಗೆ!"

ವ್ಯಾನಣ್ಣ ಗೇರು ಹಾಕಿದ. ವ್ಯಾನು ಹೊರಟಿತು. ಅವನ ಬಲಗೈ ಹಾರ್ನಿನ ಮೇಲೆ ಬಿತ್ತು, ಅಲ್ಲೇ ಉಳಿಯಿತು. ಪ್ಯಾಕಿಂಗ್ ಶೆಡ್ಡಿನ ತಗಡಿನ ಮೇಲಿದ್ದ ಕಾಗೆಗಳೆಲ್ಲ ಒಟ್ಟಿಗೇ ಎದ್ದವು.

"ಏಯ್! ಕೈ ತೆಗಿ!" ಮ್ಯಾನೇಜರು ಕಿವಿ ಮುಚ್ಚಿಕೊಂಡು ಕಿರುಚಿದರು. "ತೆಗೀದಿದ್ರೆ ನಾಳೆಯಿಂದ ರದ್ದಿ ಶೆಡ್ಡೇ ಗತಿ!"

ವ್ಯಾನಣ್ಣ ಬಕೆಟ್ಟಿನ ಮೇಲೆ ಸರಿಯಾಗಿ ಕೂತ.

"ತೆಗಿಯಲ್ಲ ಸಾರ್."