ಕೂಸು ಮಲಗಿಸುವ ಸದ್ದು

ಎಲ್ಲದಕ್ಕೂ ಮೂಲ, ಶಿಶುತಜ್ಞರ ಸಮ್ಮೇಳನದವರು ಕಳಿಸಿದ್ದ ಆಹ್ವಾನದ ಕೊನೆಯ ಸಾಲು: "ಯುವ ವಿಜ್ಞಾನಿಗಳಿಗೆ ನೆರವಾಗಲೆಂದು ಈ ಸಲ ಮಕ್ಕಳ ಕೋಣೆಯ ವ್ಯವಸ್ಥೆಯಿದೆ." ಅದನ್ನು ಓದಿದ್ದು ನಮ್ಮ ಯುವ ವಿಜ್ಞಾನಿಯಲ್ಲ, ಅವನ ಹೆಂಡತಿ.

ಯುವ ವಿಜ್ಞಾನಿ ಎಂದೊಡನೆ ಚಿಗುರುಮೀಸೆಯವನನ್ನು ನೆನೆಸಿಕೊಳ್ಳಬೇಡಿ. ಕಾಯಂ ಕೆಲಸ ಸಿಗುವ ತನಕ ವಿಜ್ಞಾನಿ ಯುವಕನೇ. ನಮ್ಮವನ ನೆತ್ತಿ ಆಗಲೇ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಹಂಗಾಮಿ ಕೆಲಸ ಈ ತಿಂಗಳಿಗೆ ಮುಗಿಯುತ್ತಿತ್ತು. ನವಜಾತ ಶಿಶುಗಳ ದೊಡ್ಡ ಲ್ಯಾಬಿನಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ಆ ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ಬೆನ್ನ ಹಿಂದೆ 'ದೊಡ್ಡಮ್ಮ' ಎನ್ನುತ್ತಿದ್ದರು. ಸಮ್ಮೇಳನದಲ್ಲಿ ಇವನ ಇಂದಿನ ಭಾಷಣ ಕೇಳಿ ದೊಡ್ಡಮ್ಮ ತಲೆಯಾಡಿಸಿದರೆ ಕೆಲಸ, ಇಲ್ಲದಿದ್ದರೆ ಮನೆ.

ಇವನ ಸಂಶೋಧನೆಯೇನೋ ಸೊಗಸಾಗಿತ್ತು. ಬಸಿರಿನೊಳಗೆ ಕೂಸಿಗೆ ಕೇಳಿಸುವ ಸರ್‍ರೋ ಬುರ್‍ರೋ ಸದ್ದನ್ನು ಹಿಡಿದಿಟ್ಟು, ಹುಟ್ಟಿದ ಮೇಲೆ ಕೇಳಿಸಿದರೆ ಕೂಸು ತಟ್ಟನೆ ಮಲಗುತ್ತದೆ ಎಂದು ಸಾಧಿಸಿದ್ದ. ಆಸ್ಪತ್ರೆಯ ಕೂಸುಗಳೆಲ್ಲ ಮಲಗಿದ್ದವು. ಮನೆಯ ಕೂಸು ಮಾತ್ರ ಮಲಗಿರಲಿಲ್ಲ. ಅದನ್ನು ಅವನು ಲೆಕ್ಕಕ್ಕೆ ಸೇರಿಸಿರಲಿಲ್ಲ.

ಬೆಳಿಗ್ಗೆ ನರ್ಸ್ ಆಗಿದ್ದ ಹೆಂಡತಿಗೆ ದಿಢೀರನೆ ಡ್ಯೂಟಿ ಬಿತ್ತು. ಕೂಸನ್ನು ಗಂಡನ ತೋಳಿಗಿಟ್ಟಳು.

"ಇವತ್ತು ಭಾಷಣ ಕಣೇ!"

"ಅಲ್ಲೇ ಮಕ್ಕಳ ಕೋಣೆ ಇದೆಯಂತಲ್ಲ. ಊರವರ ಮಕ್ಕಳನ್ನೆಲ್ಲ ಮಲಗಿಸ್ತೀರಿ, ಇದ್ಯಾವ ಮಹಾ?" ಎಂದವಳೇ ಬಸ್ ಹತ್ತಿದಳು.

ಮಕ್ಕಳ ಕೋಣೆಯ ಬಾಗಿಲಲ್ಲಿ ಆಯಾ ಅಡ್ಡ ನಿಂತಳು. "ಎರಡು ವರ್ಷ ತುಂಬಿರೋರಿಗೆ ಮಾತ್ರ."

"ಅಮ್ಮಾ, ಇದು ಎಳೆಗೂಸುಗಳ ಸಮ್ಮೇಳನ!"

"ಅವುಗಳ ಬಗ್ಗೆ ಸ್ವಾಮಿ. ಅವುಗಳಿಗಲ್ಲ."

ಕೂಸಿಗೆ ಈ ತರ್ಕ ಹಿಡಿಸಲಿಲ್ಲ. ಬಾಯಿ ತೆರೆಯಿತು. ಜಗತ್ತಿನ ಶಿಶುತಜ್ಞರೆಲ್ಲ ಊಟ ಮುಗಿಸಿ ಕಾಫಿ ಕುಡಿಯುತ್ತಿದ್ದ ಪಡಸಾಲೆ ಅದು. ಬೆಲ್ಲ ಕಂಡ ಇರುವೆಗಳಂತೆ ಮುತ್ತಿಕೊಂಡರು.

"ಅಳಲಿ ಬಿಡ್ರೀ, ಶ್ವಾಸಕೋಶ ಅರಳುತ್ತೆ," ಎಂದರು ಶ್ವಾಸಕೋಶದವರು.

"ಶ್ವಾಸಕೋಶ ಅಲ್ಲ ಕಣ್ರೀ, ಹೊಟ್ಟೆ! ಬೋರಲು ಹಾಕಿ," ಎಂದರು ಕರುಳಿನವರು. ಬೋರಲು ಹಾಕಿದ. ಕೂಸು ಕರುಳಿನವರ ಹೊಸ ಕೋಟಿನ ಮೇಲೆ ಹಾಲು ಕಕ್ಕಿತು. ಅವರು ಅಳುಮುಖ ಮಾಡಿಕೊಂಡು ನಲ್ಲಿ ಹುಡುಕುತ್ತ ಹೋದರು.

ಜೀವಮಾನವಿಡೀ ಇಲಿಗಳ ಬಾಣಂತನ ಮಾಡಿದ ಪ್ರೊಫೆಸರೊಬ್ಬರು ಮುಂದೆ ಬಂದರು. "ತುಂಬ ಸುಲಭ ಕಣಯ್ಯಾ. ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತು. ನಮ್ಮ ಮರಿಗಳೆಲ್ಲ ಹಾಗೇ ಸುಮ್ಮನಾಗೋದು." ಕೈ ಚಾಚಿಯೇಬಿಟ್ಟರು. ನಮ್ಮವನು ಕೂಸನ್ನು ಎದೆಗವಚಿಕೊಂಡು, ಎದ್ದೆನೋ ಬಿದ್ದೆನೋ ಎಂದು ಓಡಿದ. ಓಡಿ ನಿಂತದ್ದು ನೇರ ವೇದಿಕೆಯ ಮೇಲೆ. ಅಷ್ಟರಲ್ಲಿ ಅವನ ಹೆಸರನ್ನೇ ಕೂಗುತ್ತಿದ್ದರು.

ಮಧ್ಯಾಹ್ನದ ಊಟ ಮುಗಿದ ಹೊತ್ತು. ಮೊದಲ ಸಾಲಿನಲ್ಲಿ ದೊಡ್ಡಮ್ಮ. ಹೆಗಲ ಮೇಲೆ ಅರಚುವ ಕೂಸು.

ನಮ್ಮವನಿಗೆ ಬೆವರಿನ ನಡುವೆಯೂ ಹೊಳೆಯಿತು: ಇದಕ್ಕಿಂತ ಒಳ್ಳೆಯ ಪ್ರಯೋಗ ಎಲ್ಲಿ ಸಿಗುತ್ತೆ? "ಈ ಕೂಸು ಈಗ ನಿಮ್ಮೆದುರೇ ಮಲಗುತ್ತೆ," ಎಂದು ಘೋಷಿಸಿ ಸದ್ದು ಹಚ್ಚಿದ. ಸರ್‍ರೋ... ಬುರ್‍ರೋ... ಕೂಸು ಇನ್ನಷ್ಟು ಅರಚಿತು. ಸದ್ದು ಹೆಚ್ಚಿಸಿದ. ಕೂಸು ಅಳು ನಿಲ್ಲಿಸಿ, ಕಣ್ಣು ಗೋಲಿಯಷ್ಟಗಲ ಬಿಟ್ಟು, ಸಭೆಯನ್ನೇ ಕುತೂಹಲದಿಂದ ನೋಡತೊಡಗಿತು.

ಅಷ್ಟೇ ಸಾಕೆಂದು, ಸದ್ದನ್ನು ಹಾಗೇ ಬಿಟ್ಟು ಅವನು ಭಾಷಣಕ್ಕಿಳಿದ. ಅಂಕಿ, ಅಂಶ, ಚಿತ್ರ ಎಲ್ಲವನ್ನೂ ನೀರು ಕುಡಿದಂತೆ ವಿವರಿಸಿದ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಯಾರೂ ಕೆಮ್ಮಲಿಲ್ಲ, ಅಡ್ಡ ಮಾತಾಡಲಿಲ್ಲ. ಕೊನೆಯ ಚಿತ್ರ ಮುಗಿಸಿ ತಲೆಯೆತ್ತಿದರೆ, ಇಲಿ ಪ್ರೊಫೆಸರು ಶ್ವಾಸಕೋಶದವರ ಹೆಗಲಿಗೊರಗಿ ಗೊರಕೆ ಹೊಡೆಯುತ್ತಿದ್ದರು. ಮೈಕಿನವನು ವೈರಿನ ಸುರುಳಿಯನ್ನೇ ದಿಂಬು ಮಾಡಿಕೊಂಡಿದ್ದ. ದೊಡ್ಡಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಇಡೀ ಸಭೆಯಲ್ಲಿ ಎಚ್ಚರವಿದ್ದದ್ದು ಅಪ್ಪ, ಮಗು ಇಬ್ಬರೇ.

ಸದ್ದು ನಿಲ್ಲಿಸಿದ. ಎಲ್ಲರೂ ಬೆಚ್ಚಿಬಿದ್ದು, ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಕೂಸು ಮತ್ತೆ ಶುರು ಹಚ್ಚಿಕೊಂಡಿತು.

ದೊಡ್ಡಮ್ಮ ಅವನನ್ನು ಪಕ್ಕಕ್ಕೆ ಕರೆದರು. ಮುಖ ಆಗಷ್ಟೇ ಅರಳಿದ ಹೂವು.

"ವರ್ಷಗಳಿಂದ ಇಂಥ ನಿದ್ದೆ ಬಂದಿರಲಿಲ್ಲ ಕಣಪ್ಪಾ. ಬಹಳ ದೊಡ್ಡ ಕೆಲಸ ಮಾಡಿದ್ದೀಯ."

"ಹಾಗಾದ್ರೆ ಆ ಜಾಗ... ಮೇಡಂ?"

"ಅದೇ ಕಷ್ಟ ನೋಡು. ನಮ್ಮದು ಶಿಶುಗಳ ಲ್ಯಾಬು. ನಿನ್ನ ಸದ್ದಿಗೆ ಶಿಶು ಒಂದನ್ನು ಬಿಟ್ಟು ಮಿಕ್ಕವರೆಲ್ಲ ಮಲಗಿದ್ವಿ. ನೀನು ಮುದುಕರ ಆರೋಗ್ಯ ವಿಭಾಗಕ್ಕೆ ಅರ್ಜಿ ಹಾಕೋದು ಒಳ್ಳೇದು."

ಅವನ ಮುಖ ಬಾಡಿದ್ದು ಕಂಡು ದೊಡ್ಡಮ್ಮನಿಗೆ ಕರುಳು ಚುರುಕ್ ಎಂದಿತು. ಸಮಾಧಾನ ಹೇಳಲು ನಿಂತರು. "ಧೈರ್ಯಗೆಡಬೇಡ. ಯುವ ವಿಜ್ಞಾನಿಗಳೇ ನಮ್ಮ ನಾಳೆ. ನಿಮ್ಮಂಥವರಿಗೆ ಬೆಂಬಲ ಕೊಡೋದು ಹಿರಿಯರ ಕರ್ತವ್ಯ. ಈ ಬಗ್ಗೆ ಒಂದು ಸಮಿತಿ ಮಾಡಿದೀವಿ. ಸಮಿತಿ ಒಂದು ಉಪಸಮಿತಿ ಮಾಡಿದೆ. ಆ ಉಪಸಮಿತಿಯ ಧ್ಯೇಯ ಏನಪ್ಪಾ ಅಂದ್ರೆ..."

ಹೆಗಲ ಮೇಲೆ ಅಳು ತಗ್ಗಿತು. ಒಂದು ಆಕಳಿಕೆ ಬಂತು. 'ಮಾರ್ಗದರ್ಶನ' ಎಂಬಲ್ಲಿಗೆ ಕೂಸಿನ ಕಣ್ಣು ಮುಚ್ಚಿತು. 'ಸರ್ವತೋಮುಖ ಪ್ರೋತ್ಸಾಹ' ಎಂಬಲ್ಲಿಗೆ ಪುಟ್ಟ ಗೊರಕೆಯೂ ಕೇಳಿಸಿತು.

ದೊಡ್ಡಮ್ಮ ಮಾತು ನಿಲ್ಲಿಸಿ, "ಬೇಜಾರಾಯ್ತೇನಪ್ಪಾ?" ಎಂದರು.

ಕೆಲಸ ಕೈತಪ್ಪಿದವನು ಒಂದು ಕೈಯಲ್ಲಿ ಕೂಸಿನ ಬೆನ್ನು ತಟ್ಟುತ್ತ, ಇನ್ನೊಂದು ಕೈಯಲ್ಲಿ ಮೆಲ್ಲಗೆ ಫೋನಿನ ರೆಕಾರ್ಡರ್ ಒತ್ತಿದ.

"ಇಲ್ಲ ಮೇಡಂ," ಎಂದು ಪಿಸುಗುಟ್ಟಿದ, "ದಮ್ಮಯ್ಯ, ನಿಲ್ಲಿಸಬೇಡಿ. ಉಪಸಮಿತಿಯಿಂದ ಇನ್ನೊಂದು ಸಲ ಹೇಳಿ."