ಹುಳಗಳಿಗೆ ದಾಸೋಹ

“ಇಂಗ್ರೇಜರು ಹೋದ್ರು, ಜತ್ತಿನ ಸಂಸ್ಥಾನಾನೂ ಹೋತು. ಇನ್ನ ಈ ಹುಳಾ ಹೋಗೂದಿಲ್ಲಂದ್ರ ಹ್ಯಾಂಗ?” ಎನ್ನುತ್ತ ಉಮದಿಯ ಕಿರಾಣಿ ವ್ಯಾಪಾರಿ ಶ್ರೀಶೈಲಪ್ಪ ಧೋತರದ ಕಚ್ಚೆ ಬಿಗಿದು ಅಂಗಳಕ್ಕಿಳಿದ.

ಸಿಟ್ಟಿಗೆ ಕಾರಣವಿತ್ತು. ಅವನ ಬೀಗ, ಅಂದರೆ ಮಗಳ ಮಾವ, ಕರಜಗಿಯ ರೇವಪ್ಪ ಹಿಂದೊಮ್ಮೆ ಬಂದಾಗ, “ನಿಮ್ಮ ಮನಿ ಮುಂದ ಒಂದ ಹೂವಿನ ಗಿಡಾ ಸುದ್ದ ಇಲ್ಲಲ್ರಿ!” ಎಂದು ನಕ್ಕುಬಿಟ್ಟಿದ್ದ. ಆ ನಗೆ ಇವನಿಗೆ ಇನ್ನೂ ಚುಚ್ಚುತ್ತಿತ್ತು. ಅಂದಿನಿಂದ ತಾನೇ ಬಾವಿ ನೀರು ಹೊತ್ತು, ಬಾಗಿಲ ಎರಡೂ ಬದಿಗೆ ನಂದಿಬಟ್ಟಲು ಬೆಳೆಸಿದ್ದ. ಬರುವ ಸೋಮವಾರ ಅದೇ ಬೀಗ ಊಟಕ್ಕೆ ಬರುವವ. ಈಗ ನೋಡಿದರೆ ಹೆಬ್ಬೆರಳು ಗಾತ್ರದ ಹಸಿರು ಹುಳಗಳು ಗಿಡದ ತುಂಬ ಕೂತು ಮೇಯುತ್ತಿವೆ!

ಹುಳಕ್ಕೆ ಬೂದಿಯೇ ಮದ್ದು. ಅಡುಗೆಮನೆಗೆ ನುಗ್ಗಿ, ಒಲೆಯ ಬದಿಯ ಗಡಿಗೆ ಎತ್ತಿ ತಂದು ಬೊಗಸೆ ಬೊಗಸೆ ಎರಚಿದ. ಹುಳಗಳೆಲ್ಲ ಬೆಳ್ಳಗಾದವು.

“ಅಯ್ಯ ಶಿವನ!” ಹೆಂಡತಿ ಶಿವಲಿಂಗವ್ವ ಓಡಿಬಂದಳು. “ಮಠದ ಅಜ್ಜಾರು ಕೊಟ್ಟ ಭಸ್ಮಾರೀ ಅದು! ತ್ಯಾವ ಹಿಡದಿತ್ತಂತ ಒಲಿ ಮಗ್ಗಲ ಇಟ್ಟಿದ್ನಿ.”

“ಬೂದಿ ಬೂದಿನ ತಗಿ! ಸಾಯಲಿಲ್ಲಂದ್ರ ಕೋಲ್ ತಗೊಂಡು ಬಡಿತೀನಿ.” ಶ್ರೀಶೈಲಪ್ಪ ಮೂಲೆಯ ಕೋಲು ಎತ್ತಿಯೇಬಿಟ್ಟ.

“ಮೈತುಂಬ ವಿಭೂತಿ ಧರಿಸಿದವರನ್ನ ಬಡಿತೀರಿ? ಕೊಳ್ಳಾಗ ಲಿಂಗ ಕಟ್ಟಿಕೊಂಡು ಆಡೂ ಮಾತೇನ್ರಿ ಇದು? ಇವತ್ತಿನಿಂದ ಅವರು ಶರಣರು!”

ಕೋಲು ಕೆಳಗಿಳಿಯಿತು. ಶರಣರು ಇಳಿಯಲಿಲ್ಲ! ಭಸ್ಮದ ಮಹಿಮೆಯೋ ಏನೋ, ಅವರ ಹಸಿವು ಇಮ್ಮಡಿಯಾಯಿತು. ಸಂಜೆ ಶ್ರೀಶೈಲಪ್ಪ ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, “ಯಪ್ಪಾ, ಬ್ಯಾರೇ ಕಡೆ ದಯಮಾಡಸ್ರಿ” ಎಂದು ಕೈಮುಗಿದೇಬಿಟ್ಟ. ಅವು ತಲೆಯೆತ್ತಿ ನೋಡಿ ಮತ್ತೆ ಊಟಕ್ಕೆ ಕೂತವು.

ಸೋಮವಾರ ರೇವಪ್ಪ ಬಂದ. ಬಂದವನೇ ಬಾಗಿಲಲ್ಲಿ ನಿಂತು, “ಇದೇನ್ರಿ ಬೀಗರ, ಗಿಡಾನೋ, ಕಸಬರಿಗಿನೋ?” ಎಂದ. ಶ್ರೀಶೈಲಪ್ಪನ ಮುಖ ಸಪ್ಪಗಾಯಿತು. ಅದನ್ನು ಕಂಡು ಶಿವಲಿಂಗವ್ವನಿಗೆ ಕರುಳು ಚುರ್ ಎಂದಿತು.

“ನಮ್ಮ ಮನಿಯವರು ಶರಣರಿಗೆ ದಾಸೋಹ ಇಟ್ಟಾರ್ರೀ ಅಣ್ಣಾರ. ತಾವ ನೀರ್ ಹೊತ್ತ ಬೆಳಿಸಿದ ಗಿಡಾ, ಅವರಿಗೇ ಬಿಟ್ಟಾರ.”

ರೇವಪ್ಪ ಬಗ್ಗಿ ನೋಡಿದ. ವಿಭೂತಿಧಾರಿ ಹುಳಗಳು! ಅವನ ನಗೆ ಇಂಗಿಹೋಯಿತು. ಚಪ್ಪಲಿ ಕಳಚಿ ಕೈಮುಗಿದ. ಶ್ರೀಶೈಲಪ್ಪ ಎದೆಯುಬ್ಬಿಸಿ ನಿಂತ, ಮೀಸೆಯನ್ನೂ ತಿರುವಿದ.

“ಭಾಳ ದೊಡ್ಡ ಮನಸ್ರಿ ನಿಮ್ದು!” ಎಂದ ರೇವಪ್ಪ. “ನಮ್ಮ ಕಣಗಿಲ ಗಿಡಕ್ಕೂ ಇವರ ಬಳಗಾನ ಬಂದೈತ್ರಿ. ಹೊಡಿಯಾಕ ಮನಸ ಬರವಲ್ದಾಗಿತ್ತು. ನಾಳೆ ಲಗೂನ ಎದ್ದು ಬುಟ್ಟಿ ತುಂಬ ತಂದ್ ಬಿಡ್ತೀನಿ. ನಿಮ್ಮಲ್ಲಿ ಇನ್ನೂ ನಾಕ ಎಲಿ ಉಳದಾವಲ್ಲ!”