ಬೈಗುಳಕ್ಕೆ ಒಲಿದ ಎಮ್ಮೆ

ಕಾಗದಗಳಿಗೆ ಪಿನ್ನು ಹೊಡೆಯಬೇಕಾದದ್ದು ಎಡಮೂಲೆಗೆ. ಬಲಮೂಲೆಗೆ ಹೊಡೆದರೆ ಆಕಾಶ ಕಳಚಿ ಬೀಳುತ್ತದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೆ ನಮ್ಮ ಆಫೀಸಿನಲ್ಲಿ ಬೀಳುತ್ತಿತ್ತು, ಅದೂ ನೇರವಾಗಿ ನನ್ನ ತಲೆಯ ಮೇಲೆ.

ಚಿತ್ರದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಗುಮಾಸ್ತನಾಗಿದ್ದೆ. ಸೂಪರಿಂಟೆಂಡೆಂಟ್ ಜಂಪಣ್ಣನವರು ಬೈಯುವುದನ್ನು ಒಂದು ಕಲೆಯಾಗಿ ಬೆಳೆಸಿದ್ದರು. "ಏನ್ರಿ ಚಿಕ್ಕತಿಮ್ಮಪ್ಪ, ಹೊಟ್ಟೆಗೆ ಏನ್ ತಿಂತೀರಿ?" ಎಂದು ಮಂದ್ರದಲ್ಲಿ ಆಲಾಪನೆ ಶುರು ಮಾಡಿ, ನನ್ನ ಕೈಬರಹ, ನನ್ನ ನಡಿಗೆ, ನನ್ನನ್ನು ಪಾಸು ಮಾಡಿದ ಮೇಷ್ಟ್ರು, ಹೀಗೆ ಒಂದೊಂದೇ ಸ್ವರ ಹತ್ತುತ್ತಾ ತಾರಸ್ಥಾಯಿಗೆ ಬಂದು ನಿಲ್ಲುತ್ತಿದ್ದರು. ಅಷ್ಟರಲ್ಲಿ ಪಕ್ಕದ ಕ್ಲಾಸಿನಲ್ಲಿ ಪಾಠ ನಿಂತಿರುತ್ತಿತ್ತು. (ವಿದ್ಯಾರ್ಥಿಗಳಿಗೆ ಪಾಠಕ್ಕಿಂತ ಇದೇ ಹೆಚ್ಚು ಅರ್ಥವಾಗುತ್ತಿತ್ತಂತೆ.)

ಹೀಗಿರಲಾಗಿ ಮಗಳು ಅನುಷಾ ಮೊಬೈಲಿನಲ್ಲಿ ಒಂದು ಭಾಷಣ ತೋರಿಸಿದಳು. ಬಿಸಿಲಲ್ಲೂ ಕೋಟು ತೊಟ್ಟ ಮಹಾನುಭಾವರೊಬ್ಬರು, "ನೀವು ಚಿಕ್ಕವರಿದ್ದಾಗ ಯಾವ ಕೆಲಸದಲ್ಲಿ ಮೈಮರೆಯುತ್ತಿದ್ದಿರೋ ಅದೇ ನಿಮ್ಮ ನಿಜವಾದ ವೃತ್ತಿ" ಎಂದರು. ನಾನು ಚಿಕ್ಕವನಿದ್ದಾಗ ಯಲ್ಲದಕೆರೆಯಲ್ಲಿ ನಮ್ಮಜ್ಜಿ ಜುಂಜಮ್ಮನ ಎಮ್ಮೆಯ ಬೆನ್ನ ಮೇಲೆ ಮಲಗಿ ಮೈಮರೆಯುತ್ತಿದ್ದೆ. ಆ ಎಮ್ಮೆ ಒಂದು ದಿನವೂ ನನ್ನನ್ನು ಬೈದಿರಲಿಲ್ಲ. ನನಗೆ ಆ ಕ್ಷಣವೇ ಜ್ಞಾನೋದಯವಾಯಿತು.

"ಕೆಲ್ಸ ಬಿಟ್ಟು ಎಮ್ಮೆ ಕಟ್ತೀನಿ" ಎಂದು ಹೆಂಡತಿಗೆ ಹೇಳಿದೆ.

ಅವರೆಕಾಯಿ ಸುಲಿಯುತ್ತಿದ್ದ ಭಾಗ್ಯ ತಲೆಯೆತ್ತಲಿಲ್ಲ. "ಹಾಲು ಕರೆಯೋರು ಯಾರು?"

"ನಾನೇ."

"ಹಾಲಿನ ಪ್ಯಾಕೆಟ್ ಕತ್ತರಿಸಾಕೆ ಕೊಟ್ರೆ ಅರ್ಧ ಕಟ್ಟೆ ಮ್ಯಾಲೆ ಚೆಲ್ತೀರಿ."

"ನಂಗೆ ಆತ್ಮತೃಪ್ತಿ ಬೇಕು ಭಾಗ್ಯ. ಯಾರೂ ಬೈಯದಿರೋ ಅಂಥ ಜಾಗ ಬೇಕು."

"ಹಂಗಾರೆ ಸಂಜಿಗೆ ಮನೆಗೆ ಯಾಕೆ ಬರ್ತೀರಿ?"

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. "ಹಾಲಿನ ಕೆಲ್ಸ ಕೈಗೆ ಹತ್ಲಿಲ್ಲ ಅಂದ್ರೆ ವಾಪಸ್ ಹೋಗಿ ಜಂಪಣ್ಣೋರ ಮುಂದೆ ಕೈ ಕಟ್ಕಂಡು ನಿಂತ್ಕಬೇಕು, ನೋಡ್ರಿ." ಪ್ರಾಣ ಹೋದರೂ ಅದೊಂದು ಆಗಬಾರದೆಂದು ಸಂಕಲ್ಪ ಮಾಡಿ ರಾಜೀನಾಮೆ ಕೊಟ್ಟೆ. (ಅದಕ್ಕೂ ಪಿನ್ನು ಬಲಕ್ಕೇ ಹೊಡೆದಿದ್ದೆ, ಬೇಕೆಂತಲೇ.)

ಎಮ್ಮೆ ಕೊಂಡದ್ದು ಯಲ್ಲದಕೆರೆಯ ಚಂದ್ರಕ್ಕನ ಹತ್ತಿರ. ಹೆಸರು ಸಾವಿತ್ರಿ, ಜೊತೆಗೊಂದು ಕರು. ಚಂದ್ರಕ್ಕ ನನ್ನ ಕಣ್ಣೆದುರೇ ನೊರೆ ಉಕ್ಕುವಂತೆ ಕರೆದು ತೋರಿಸಿದಳು. ಕರೆಯುತ್ತಾ ಕರೆಯುತ್ತಾ, ಜಗುಲಿಯ ಮೇಲೆ ಕೂತಿದ್ದ ಗಂಡನ ಜನ್ಮ ಜಾಲಾಡುತ್ತಿದ್ದಳು. ಅದು ಅವರ ಮನೆ ವಿಚಾರವೆಂದು ನಾನು ಮರ್ಯಾದಸ್ಥನಂತೆ ಬೇರೆ ಕಡೆ ನೋಡಿದೆ. ನಾನು ಮಾಡಿದ ತಪ್ಪು ಅದೇ.

ಮಾರನೆಯ ಬೆಳಿಗ್ಗೆ ನಮ್ಮ ಗೇಟಿನಲ್ಲಿ ಬೀದಿಯವರೆಲ್ಲ ಪಾತ್ರೆ ಹಿಡಿದು ನಿಂತಿದ್ದರು. ನಾನು ಹಿಂಡಿ ಬೂಸಾ ಇಟ್ಟು, ಕೆಚ್ಚಲು ತೊಳೆದು, ಕರು ಬಿಟ್ಟೆ. ಕರು ನಾಲ್ಕು ಸಲ ಗುದ್ದಿ, ಪ್ರಯೋಜನವಿಲ್ಲವೆಂದು ನನ್ನ ಪಕ್ಕ ಬಂದು ನಿಂತಿತು. "ಅಮ್ಮಾ, ತಾಯಿ, ಸಾವಿತ್ರಿ" ಎಂದು ಮೈದಡವಿದೆ. ಸಾವಿತ್ರಿ ಮೆಲುಕು ಹಾಕಿದಳೇ ಹೊರತು ಒಂದು ಹನಿ ಬಿಡಲಿಲ್ಲ.

ಹಾಸಿಗೆ ಅಂಗಡಿಯ ಅಬ್ದುಲ್ ರಶೀದ್ ಸಾಹೇಬರು ಗೇಟಿನಿಂದ ಕೇಳಿದರು: "ತಿಮ್ಮಪ್ಪೋರೆ, ಟೀ ನೀರು ಒಲೆ ಮ್ಯಾಲೆ ಐತೆ. ಇಳಿಸಾಕೆ ಹೇಳ್ಲಾ?"

ಆಗ ಭಾಗ್ಯ ಹಿತ್ತಲಿಗೆ ಬಂದಳು. "ಅಲ್ರಿ, ಫ್ಯಾನ್ ಕೆಳಗಿನ ಕೆಲ್ಸ ಬಿಟ್ಟು ಬೀದಿಯೋರ ಮುಂದೆ ಮಾನ ಕಳೀತೀರಲ್ಲ. ಮದ್ವೆ ಆದಾಗ್ನಿಂದ ಒಂದು ಕೆಲ್ಸ ನೆಟ್ಟಗೆ ಮಾಡೀರ? ಆ ಬಚ್ಚಲ ಚಿಲಕ ಇವತ್ ಹಾಕ್ತೀನಿ, ನಾಳೆ ಹಾಕ್ತೀನಿ ಅಂತ..."

ಬಕೆಟ್ಟಿನಲ್ಲಿ ಚೊರ್ ಎಂದು ಸದ್ದಾಯಿತು. ಭಾಗ್ಯ ಆಶ್ಚರ್ಯದಿಂದ ಬಾಯಿ ಮುಚ್ಚಿದಳು. ಹಾಲೂ ನಿಂತಿತು.

"ನಿಲ್ಲಿಸಬ್ಯಾಡ ಮಾರಾಯ್ತಿ" ಎಂದೆ.

"ಏನ್ನ?"

"ಬೈಯೋದನ್ನ."

ಚಂದ್ರಕ್ಕನಿಗೆ ಫೋನು ಮಾಡಿ ಕೇಳಿದರೆ ಆಕೆ ಸಹಜವಾಗಿ ಹೇಳಿದಳು: "ಹೌದಪ್ಪ, ನಾನು ಯಜಮಾನ್ರನ್ನ ಬೈಯೋದು ಹಾಲು ಕರೆಯೋ ಹೊತ್ನಾಗೇಯ. ಬ್ಯಾರೆ ಹೊತ್ನಾಗೆ ಪುರಸೊತ್ತೆಲ್ಲೈತೆ? ಅದಕ್ಕೂ ಅದೇ ರೂಢಿ ಆಗಿರ್ಬೇಕು."

ಹೀಗೆ ಬೈಗುಳದಿಂದ ಪಾರಾಗಲು ಹಿಡಿದ ಉದ್ಯೋಗಕ್ಕೆ ಬೈಗುಳವೇ ಬಂಡವಾಳವಾಯಿತು. ವ್ಯಾಪಾರವೇನೋ ಕುದುರಿತು. ಗಿರಾಕಿಗಳೂ ಸಹಕರಿಸಿದರು. "ಭಾಗ್ಯಮ್ಮ, ಮನೆಗೆ ನೆಂಟ್ರು ಬಂದವ್ರೆ, ಇನ್ನೊಂದರ್ಧ ಲೀಟ್ರು ಬೇಕಿತ್ತು. ಅವ್ರ ತಂಗಿ ವಿಚಾರ ಸ್ವಲ್ಪ ತೆಗೀರಿ" ಎಂದು ರಶೀದ್ ಸಾಹೇಬರು ಗೇಟಿನಿಂದಲೇ ಬೇಡಿಕೆ ಸಲ್ಲಿಸುತ್ತಿದ್ದರು. ನನ್ನ ತಂಗಿಯ ವಿಚಾರಕ್ಕೆ ಬಕೆಟ್ಟು ತುಂಬುವುದು ಖಾತ್ರಿ. ಒಮ್ಮೆ ನಾನು ಅವಿವೇಕದಿಂದ ಭಾಗ್ಯಳಿಗೆ ರೇಷ್ಮೆ ಸೀರೆ ತಂದುಕೊಟ್ಟೆ. ಅವಳು ನಗುನಗುತ್ತಾ ಇದ್ದಳು. ಇಡೀ ಬೀದಿ ಕರಿ ಟೀ ಕುಡಿಯಿತು.

ಆಪತ್ತು ಬಂದದ್ದು ಭಾಗ್ಯ ತನ್ನ ತಂಗಿಯ ಮಗುವಿನ ನಾಮಕರಣಕ್ಕೆಂದು ಹಾಲುರಾಮೇಶ್ವರಕ್ಕೆ ಹೋದಾಗ. ಹೋಗುವ ಮುಂಚೆ ತನ್ನ ಬೈಗುಳವನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡಿಟ್ಟಿದ್ದಳು. ಅದನ್ನು ಹಾಕಿದೆ. ಸಾವಿತ್ರಿ ಆಚೀಚೆ ನೋಡಿ, ಬೈಯುವವರು ಕಾಣದೆ, ಒದ್ದಳು. ನನ್ನನ್ನು ನಾನೇ ಬೈದುಕೊಂಡೆ. ಪ್ರಾಮಾಣಿಕವಾಗಿಯೇ ಬೈದೆ, ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಅನುಷಾಳನ್ನು ಕರೆದರೆ, "ನಂಗೆ ನಗು ಬರ್ತೈತೆ ಅಪ್ಪ" ಎಂದು ಒಳಗೆ ಓಡಿದಳು. ಸಂಜೆಗೆ ಕೆಚ್ಚಲು ಕಲ್ಲಿನಂತೆ ಬಿಗಿಯಿತು. ಪಶುವೈದ್ಯರು ಫೋನಿನಲ್ಲಿ, "ಹಾಲು ಹಂಗೇ ಬಿಟ್ರೆ ಬಾವು ಬರ್ತೈತ್ರಿ, ಎಮ್ಮೆ ಕೈಬಿಟ್ಟು ಹೋಗ್ತೈತೆ" ಎಂದರು.

ಇಡೀ ದುರ್ಗದಲ್ಲಿ ನನ್ನನ್ನು ಮನಸ್ಸಿಟ್ಟು ಬೈಯಬಲ್ಲ ಇನ್ನೊಬ್ಬರೆಂದರೆ ಒಬ್ಬರೇ.

ಜಂಪಣ್ಣನವರು ಆಗಷ್ಟೇ ನಿವೃತ್ತರಾಗಿದ್ದರು. ಮನೆಯಲ್ಲಿ ಹೆಂಡತಿಯ ಮುಂದೆ ಅವರಿಗೆ ಬಾಯಿಲ್ಲ. ಹೊರಗೆ ಬೈಯಲು ಯಾರೂ ಉಳಿದಿರಲಿಲ್ಲ. ಜಗುಲಿಯ ಮೇಲೆ ಬಾಡಿದ ಸೊಪ್ಪಿನಂತೆ ಕೂತಿದ್ದರು. ನಾನು ಅವರ ಮುಂದೆ ಕೈ ಕಟ್ಟಿಕೊಂಡು ನಿಂತೆ.

"ಸರ್, ಒಂದ್ ಸ್ವಲ್ಪ ಬಂದು ಬೈಯ್ಬೇಕಿತ್ತು."

"ಛೆ ಛೆ, ಎಲ್ಲಾ ಬಿಟ್ಟೀನಿ ಕಣ್ರಿ. ಈಗ ಧ್ಯಾನ ಮಾಡ್ತಿದೀನಿ" ಎಂದರು. ಅಷ್ಟರಲ್ಲಿ ಒಂದು ಕಾಲು ಚಪ್ಪಲಿಯೊಳಗಿತ್ತು.

ಹಿತ್ತಲಿಗೆ ಬಂದವರು ಎಮ್ಮೆಯನ್ನು ನೋಡಿದರು, ಬಕೆಟ್ಟು ನೋಡಿದರು, ನಾನು ಕುಕ್ಕರುಗಾಲಲ್ಲಿ ಕೂತ ಭಂಗಿ ನೋಡಿದರು. ಗಂಟಲು ಸರಿಮಾಡಿಕೊಂಡರು. "ಏನ್ರಿ ಚಿಕ್ಕತಿಮ್ಮಪ್ಪ, ಹೊಟ್ಟೆಗೆ ಏನ್ ತಿಂತೀರಿ? ಬಕೆಟ್ಟು ಇಡೋ ಜಾಗ ಏನ್ರಿ ಅದು..."

ಸಾವಿತ್ರಿ ಕಣ್ಣು ಮುಚ್ಚಿದಳು. ಜಂಪಣ್ಣನವರು ಮೇಷ್ಟ್ರ ವಿಷಯಕ್ಕೆ ಬರುವಷ್ಟರಲ್ಲಿ ಬಕೆಟ್ಟು ಭರ್ತಿ. ತಾರಸ್ಥಾಯಿಯ ಹೊತ್ತಿಗೆ ಒಳಗಿನಿಂದ ಇನ್ನೊಂದು ಪಾತ್ರೆ ತರಿಸಬೇಕಾಯಿತು.

ಭಾಗ್ಯ ವಾಪಸ್ ಬಂದು, ಒಂದು ದಿನ ನಿಂತು ಕೇಳಿ, ತಲೆದೂಗಿದಳು. "ನಂಗಿಂತ ಚೆನ್ನಾಗಿ ಬೈತಾರೆ. ಅವ್ರೇ ಬರ್ಲಿ ಬಿಡ್ರಿ, ನಾನು ಹಿಂಗೆ ಕಾಫಿ ಕುಡೀತಾ ಕುಂತ್ಕಂತೀನಿ." ಅಂದಿನಿಂದ ಜಂಪಣ್ಣನವರು ಇನ್‌ಶರ್ಟು ಮಾಡಿಕೊಂಡು ಎರಡು ಹೊತ್ತೂ ತಪ್ಪದೆ ಬರುತ್ತಾರೆ. ಮುಖದಲ್ಲಿ ಕಳೆ ಬಂದಿದೆ. "ಇಂಥ ತೃಪ್ತಿ ಆ ಆಫೀಸ್ನಾಗೆ ಸಿಕ್ಕಿರ್ಲಿಲ್ಲ ಕಣ್ರಿ. ಅಲ್ಲಿ ಬೈದ್ರೆ ಏನು ಉಪಯೋಗ ಆಗ್ತಿತ್ತು? ಇಲ್ಲಿ ಕಣ್ಣಿಗೆ ಕಾಣ್ತೈತೆ" ಎನ್ನುತ್ತಾರೆ.

ಕಳೆದ ವಾರ ಹಿರಿಯೂರಿನಲ್ಲಿ ಒಂದು ಮದುವೆಯಿತ್ತು. ಸಂಜೆ ಸ್ವಲ್ಪ ತಡವಾಗುತ್ತದೆ ಸರ್ ಎಂದೆ. ಎಮ್ಮೆ ನನ್ನದು, ಹಿತ್ತಲು ನನ್ನದು, ಬಕೆಟ್ಟೂ ನನ್ನದೇ. ಆದರೂ ಜಂಪಣ್ಣನವರು, "ಬಾಯಲ್ಲಿ ಹೇಳಿದ್ರೆ ನಡೆಯಲ್ಲ, ಅರ್ಜಿ ಕೊಡ್ರಿ" ಎಂದರು. ಬರೆದು, ಮದುವೆಯ ಕರೆಯೋಲೆ ಲಗತ್ತಿಸಿ, ವಿನಯದಿಂದ ಒಪ್ಪಿಸಿದೆ. ಅವರು ಕನ್ನಡಕ ಏರಿಸಿ ಅದರ ಬಲಮೂಲೆಯನ್ನು ಬಹಳ ಹೊತ್ತು ನೋಡಿದರು.

ಆವತ್ತು ಸಾವಿತ್ರಿ ಕೊಟ್ಟಷ್ಟು ಹಾಲನ್ನು ಎಂದೂ ಕೊಟ್ಟಿರಲಿಲ್ಲ.